ಕ್ಯಾಮೆರಾ ಒಂದು ಕಂಪನಿದು, ಫ್ಲ್ಯಾಶ್ ಇನ್ನೊಂದು ಕಂಪನಿದು: ಎರಡನ್ನೂ ಹೊಂದಿಸುವುದು ಹೇಗೆ?

ನಿಕಾನ್ ಮಾರಿ ಸೋನಿ ತಗೊಂಡ ಗೆಳೆಯರೆಲ್ಲ ವಾರದೊಳಗೆ ಫೋನ್ ಮಾಡಿ ಕೇಳುವುದು ಒಂದೇ. "ಲೆನ್ಸ್ ಮಾರಿ ಆಯ್ತು, ಈ ಎರಡು ಫ್ಲ್ಯಾಶ್ ಏನ್ ಮಾಡ್ಲಿ ಮಾರಾಯ?" ಮಾರ್ಬೇಡ, ಇಟ್ಕೋ ಅನ್ನುತ್ತೇನೆ. ಹಳೇ ಫ್ಲ್ಯಾಶ್‌ಗೆ ಅಂಗಡಿಯವನು ಕೊಡುವ ದುಡ್ಡಿಗೆ ಒಂದು ಒಳ್ಳೆ ಸ್ಟ್ಯಾಂಡ್ ಕೂಡ ಬರುವುದಿಲ್ಲ. ಅದೇ ಫ್ಲ್ಯಾಶ್ ಹೊಸ ಕ್ಯಾಮೆರಾ ಜೊತೆ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ.

ಇಡೀ ವಿಷಯ ನಿಂತಿರುವುದು ಒಂದೇ ಮಾತಿನ ಮೇಲೆ. ಕ್ಯಾಮೆರಾದ ತಲೆ ಮೇಲೆ ಏನು ಕೂರುತ್ತದೋ ಅದೊಂದು ಮಾತ್ರ ಆ ಕ್ಯಾಮೆರಾ ಕಂಪನಿಗೆ ಹೊಂದಬೇಕು. ದೂರದಲ್ಲಿ ಸ್ಟ್ಯಾಂಡ್ ಮೇಲೆ ನಿಂತಿರುವ ಫ್ಲ್ಯಾಶ್ ಯಾರದಾದರೂ ಆಗಲಿ, ನಡೆಯುತ್ತದೆ. ಇಷ್ಟು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಮೊದಲು ಕಾಲು ನೋಡಿ

ಫ್ಲ್ಯಾಶ್ ತಲೆಕೆಳಗೆ ಹಿಡಿದು ಅದರ ಕಾಲು ನೋಡಿ. ನಡುವೆ ಒಂದು ದಪ್ಪ ಪಿನ್ ಇರುತ್ತದೆ. ಶಟರ್ ಪೂರ್ತಿ ತೆರೆದ ಕ್ಷಣದಲ್ಲಿ ಕ್ಯಾಮೆರಾ ಆ ಪಿನ್ನನ್ನು ಪಕ್ಕದ ಲೋಹದ ಅಂಚಿಗೆ ಕೂಡಿಸುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಕಾಲಿಂಗ್ ಬೆಲ್ ಒತ್ತಿದ ಹಾಗೆ, ಅಷ್ಟೇ. ಈ ನಡುವಿನ ಪಿನ್ ಬಹುತೇಕ ಎಲ್ಲ ಕಂಪನಿಗೂ ಒಂದೇ ಜಾಗದಲ್ಲಿದೆ, ಕೆಲಸವೂ ಒಂದೇ.

ಜಗಳ ಇರುವುದು ಸುತ್ತಲಿನ ಸಣ್ಣ ಪಿನ್‌ಗಳಲ್ಲಿ. ಕ್ಯಾನನ್‌ಗೆ ಅಂಥವು 4, ನಿಕಾನ್‌ಗೆ 3. ಜಾಗವೂ ಬೇರೆ, ಆಡುವ ಭಾಷೆಯೂ ಬೇರೆ. ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾ ತಾನೇ ಅಳೆದು ಹೇಳುವ ಟಿಟಿಎಲ್, ಶಟರ್ ಸ್ಪೀಡ್ ಮಿತಿ ದಾಟಿ ಹೊಡೆಯುವ ಎಚ್‌ಎಸ್‌ಎಸ್, ಲೆನ್ಸ್ ತಿರುಗಿಸಿದಂತೆ ಫ್ಲ್ಯಾಶ್ ತಲೆಯೂ ಜೂಮ್ ಆಗುವುದು, ಇವೆಲ್ಲ ಈ ಸಣ್ಣ ಪಿನ್‌ಗಳ ಮೂಲಕವೇ ನಡೆಯುವುದು. ಹಾಗಾಗಿ ಕ್ಯಾನನ್ ಮೇಲೆ ನಿಕಾನ್ ಫ್ಲ್ಯಾಶ್ ಕೂರಿಸಿದರೆ ಬೆಲ್ ಬಾರಿಸುತ್ತದೆ, ಮಾತು ನಡೆಯುವುದಿಲ್ಲ. ನೀವೇ ಪವರ್ ಇಡಬೇಕು.

ಕೆಲವು ಕಡೆ ಈ ಲೆಕ್ಕ ತಪ್ಪುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಲಿಂಪಸ್ ಮತ್ತು ಪ್ಯಾನಸೋನಿಕ್ ಒಂದೇ ಭಾಷೆ ಆಡುತ್ತವೆ. ಒಬ್ಬರ ಫ್ಲ್ಯಾಶ್ ಇನ್ನೊಬ್ಬರ ಕ್ಯಾಮೆರಾ ಮೇಲೆ ಟಿಟಿಎಲ್ ಸಮೇತ ನಡೆಯುತ್ತದೆ. ಇಂಥ ಅದೃಷ್ಟ ಬೇರೆ ಕಡೆ ಅಪರೂಪ.

ಸೋನಿಯದು ದೊಡ್ಡ ಕತೆ. 1988ರಲ್ಲಿ ಮಿನೋಲ್ಟಾ ಎಲ್ಲರಿಗಿಂತ ಬೇರೆಯದೇ ಆಕಾರದ ಶೂ (ಫ್ಲ್ಯಾಶ್ ಕಾಲು ಕೂರುವ ಕ್ಯಾಮೆರಾ ಮೇಲಿನ ಜಾಗ) ತಂದಿತು. ಮಿನೋಲ್ಟಾ ಕ್ಯಾಮೆರಾ ವ್ಯವಹಾರ ಸೋನಿ ಕೈಗೆ ಬಂದಾಗ ಅದೇ ಶೂ ಮುಂದುವರಿಯಿತು. 2012ರಲ್ಲಿ ಸೋನಿ ಅದನ್ನು ಬಿಟ್ಟು ಮಲ್ಟಿ ಇಂಟರ್‌ಫೇಸ್ ಶೂ ತಂದಿತು. ಇದರಲ್ಲಿ ನಡುವಿನ ಪಿನ್ನಿನ ಜಾಗ ಮಾಮೂಲಿನಂತೆಯೇ ಇದೆ. ಸೋನಿಯ ಸ್ವಂತ ಭಾಷೆಯ ಸಂಪರ್ಕಗಳೆಲ್ಲ ಶೂನ ಮುಂದಿನ ಸಂದಿಯೊಳಗೆ ಅಡಗಿವೆ. ಅಂದರೆ ಒಂಟಿ ಪಿನ್ನಿನ ಸಾದಾ ಫ್ಲ್ಯಾಶ್ ಇವತ್ತಿನ ಸೋನಿ ಮೇಲೆ ಆರಾಮಾಗಿ ಹೊಡೆಯುತ್ತದೆ. ಹಳೇ ಮಿನೋಲ್ಟಾ ಆಕಾರದ ಫ್ಲ್ಯಾಶ್ ಇದ್ದರೆ ಎಡಿಪಿ-ಎಂಎಎ ಅನ್ನುವ ಅಡಾಪ್ಟರ್ ಬೇಕು. ಇನ್ನೊಂದು ಮಾತು: ಸೋನಿ ಕಾಲಿನ ಫ್ಲ್ಯಾಶ್ ಅಥವಾ ಟ್ರಿಗರ್ (ದೂರದ ಫ್ಲ್ಯಾಶನ್ನು ರೇಡಿಯೊದಲ್ಲಿ ಕರೆಯುವ ಪುಟ್ಟ ಪೆಟ್ಟಿಗೆ) ಹಾಕುವಾಗ ನೇರವಾಗಿ, ನಿಧಾನಕ್ಕೆ ತೂರಿಸಿ. ಆ ಸಣ್ಣ ಸಂಪರ್ಕಗಳು ಓರೆಯಾದರೆ ರಿಪೇರಿಗೇ ಹೋಗಬೇಕು.

ಮೂರನೆಯದು ನಮ್ಮ ಊರುಗಳಲ್ಲಿ ತುಂಬಾ ಜನರಿಗೆ ತಟ್ಟಿದ ಸಮಸ್ಯೆ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಈ ಕ್ಯಾಮೆರಾಗಳ ಶೂ ನಡುವೆ ಆ ದುಂಡನೆಯ ಲೋಹದ ಬೊಟ್ಟೇ ಇಲ್ಲ! ಬೆಲ್ ಸ್ವಿಚ್ಚನ್ನೇ ಕಿತ್ತುಹಾಕಿದ ಹಾಗೆ. ಕಡಿಮೆ ದುಡ್ಡಿನ ಮ್ಯಾನ್ಯುವಲ್ ಫ್ಲ್ಯಾಶ್ ಆನ್‌ಲೈನ್‌ನಲ್ಲಿ ತರಿಸಿ, ಹೊಡೆಯಲಿಲ್ಲ ಅಂತ ವಾಪಸ್ ಕಳಿಸಿದವರನ್ನು ಕಂಡಿದ್ದೇನೆ. ಫ್ಲ್ಯಾಶ್ ತಪ್ಪಲ್ಲ ಅದು. ಈ ಕ್ಯಾಮೆರಾ ಇದ್ದರೆ ಕ್ಯಾನನ್ ಭಾಷೆ ಬಲ್ಲ ಫ್ಲ್ಯಾಶ್ ಅಥವಾ ಟ್ರಿಗರ್ ತಗೊಳ್ಳಿ, ಅದೂ ನಿಮ್ಮ ಮಾಡೆಲ್ ಹೆಸರು ಹಿಡಿದು 'ಇದಕ್ಕೆ ನಡೆಯುತ್ತದೆ' ಅಂತ ತಯಾರಕರು ಬರೆದಿದ್ದರೆ ಮಾತ್ರ. ಇಲ್ಲವಾದರೆ ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್ ಎತ್ತಿ, ದೂರದ ಫ್ಲ್ಯಾಶ್ ಅದನ್ನು ಕಂಡು ಹೊಡೆಯುವಂತೆ ಮಾಡಬಹುದು. ಅದು ಮುಂದೆ ಬರುತ್ತದೆ.

ಅಟ್ಟದಿಂದ ಇಳಿಸಿದ ಫ್ಲ್ಯಾಶ್ ಆದರೆ ವೋಲ್ಟ್ ಅಳೆಯಿರಿ

ಈಗಿನ ಫ್ಲ್ಯಾಶ್‌ಗಳಿಗೆ ಈ ಹಂತ ಬೇಡ, ದಾಟಿ ಹೋಗಿ. ಆದರೆ ಫಿಲ್ಮ್ ಕಾಲದ್ದಾದರೆ ದಯವಿಟ್ಟು ದಾಟಬೇಡಿ. ಆಗಿನ ಕ್ಯಾಮೆರಾಗಳಲ್ಲಿ ಬೆಲ್ ಸ್ವಿಚ್ ನಿಜವಾಗಿಯೂ ಎರಡು ಲೋಹದ ತುಂಡು, ಎಷ್ಟು ವೋಲ್ಟ್ ಬಂದರೂ ತಡೆಯುತ್ತಿತ್ತು. ಈಗ ಆ ಜಾಗದಲ್ಲಿ ಸೂಕ್ಷ್ಮ ಸರ್ಕ್ಯೂಟ್ ಇದೆ. ವಿವಿಟಾರ್ 283ರ ಮೊದಲ ಕಾಲದ ಮಾಡೆಲ್‌ಗಳ ಕಾಲಿನಲ್ಲಿ 200 ವೋಲ್ಟ್‌ಗೂ ಜಾಸ್ತಿ ಇರುತ್ತಿತ್ತು.

ಅಳೆಯುವುದು ಹೀಗೆ. ಫ್ಲ್ಯಾಶ್‌ಗೆ ಹೊಸ ಸೆಲ್ ಹಾಕಿ ಆನ್ ಮಾಡಿ, ರೆಡಿ ದೀಪ ಬರುವವರೆಗೆ ಕಾಯಿರಿ. ಮಲ್ಟಿಮೀಟರ್ ಡಿಸಿಯಲ್ಲಿ ದೊಡ್ಡ ರೇಂಜಿಗೆ ಇಡಿ, 600 ಇದ್ದರೆ 600. ಕೆಂಪು ತುದಿ ನಡುವಿನ ಪಿನ್ನಿಗೆ, ಕಪ್ಪು ತುದಿ ಕಾಲಿನ ಪಕ್ಕದಲ್ಲಿ ಕಾಣುವ ಸಣ್ಣ ಲೋಹದ ಪಟ್ಟಿಗೆ. ಎರಡೂ ತುದಿ ಒಂದಕ್ಕೊಂದು ತಾಗಿದರೆ ಫ್ಲ್ಯಾಶ್ ಹೊಡೆದುಬಿಡುತ್ತದೆ, ಕಣ್ಣು ಬೇರೆ ಕಡೆ ಇರಲಿ. ನಮ್ಮ ಮಾವನ ಟ್ರಂಕಿನಿಂದ ಬಂದ ಒಂದನ್ನು (ಕಂಪನಿ ಹೆಸರು ಬೇಡ ಬಿಡಿ) ಹೀಗೇ ಅಡುಗೆಮನೆ ಕಟ್ಟೆ ಮೇಲೆ ಮಲಗಿಸಿ ಅಳೆದೆ. ಮೀಟರ್‌ನಲ್ಲಿ ಅಂಕಿ 60, 110, 150 ಅಂತ ಏರುತ್ತಾ ಹೋಗಿ 190ರ ಹತ್ತಿರ ನಿಂತಿತು. ಅದನ್ನು ಹಿಂದಿನ ರಾತ್ರಿಯೇ ಕ್ಯಾಮೆರಾಕ್ಕೆ ಹಾಕಿ ನೋಡೋಣ ಅಂದುಕೊಂಡಿದ್ದೆ, ಸೆಲ್ ಇರಲಿಲ್ಲ ಅಂತ ಬಿಟ್ಟಿದ್ದೆ. ಸೆಲ್ ಇಲ್ಲದ್ದೇ ಒಳ್ಳೆಯದಾಯ್ತು.

ಎಷ್ಟಿದ್ದರೆ ಸರಿ? ಐಎಸ್‌ಒ 10330 ಅನ್ನುವ ಮಾನದಂಡ 24 ವೋಲ್ಟ್‌ವರೆಗೆ ಒಪ್ಪುತ್ತದೆ. ನಿಕಾನ್ ಕೈಪಿಡಿಗಳಲ್ಲಿ 250 ಮೀರಬಾರದು ಅಂತ ಇರುತ್ತದೆ. ನಾನು ಇಷ್ಟೆಲ್ಲ ಸಾಹಸಕ್ಕೆ ಹೋಗುವುದಿಲ್ಲ: 6ರ ಒಳಗಿದ್ದರೆ ನಿಶ್ಚಿಂತೆ, 24 ದಾಟಿದರೆ ಕ್ಯಾಮೆರಾಕ್ಕೂ ಬೇಡ, ಟ್ರಿಗರಿಗೂ ಬೇಡ. ಜಾಸ್ತಿ ವೋಲ್ಟಿನ ಫ್ಲ್ಯಾಶ್ ಬಳಸಲೇಬೇಕು ಅಂದರೆ ನಡುವೆ ವೇನ್ ಸೇಫ್ ಸಿಂಕ್ ಥರದ ಅಡಾಪ್ಟರ್ ಹಾಕಬಹುದು. ಅಥವಾ ಬೆಳಕು ಕಂಡರೆ ಹೊಡೆಯುವ ಸ್ಲೇವ್ ಕಣ್ಣು ಸಿಕ್ಕಿಸಿ ದೂರ ಇಡಬಹುದು, ಆಗ ಕ್ಯಾಮೆರಾಕ್ಕೂ ಅದಕ್ಕೂ ತಂತಿಯ ಸಂಬಂಧವೇ ಇರುವುದಿಲ್ಲ. ಏನೇ ಆದರೂ ಫ್ಲ್ಯಾಶ್ ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಸೆಲ್ ತೆಗೆದ ಮೇಲೂ 300 ವೋಲ್ಟ್ ಆಸುಪಾಸು ಹಿಡಿದುಕೊಂಡಿರುತ್ತದೆ.

ಬೇರೆ ಕಂಪನಿ ಫ್ಲ್ಯಾಶನ್ನು ಕ್ಯಾಮೆರಾ ಮೇಲೇ ಕೂರಿಸಬೇಕಾದರೆ

ಕ್ಯಾಮೆರಾ ಮ್ಯಾನ್ಯುವಲ್, ಫ್ಲ್ಯಾಶ್ ಮ್ಯಾನ್ಯುವಲ್. ಶಟರ್ ಸ್ಪೀಡ್ 1/160. ಫ್ಲ್ಯಾಶ್ ಜೊತೆ ಬಹಳ ಕ್ಯಾಮೆರಾಗಳ ಮಿತಿ 1/200 ಅಥವಾ 1/250 ಇರುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗಿದ್ದರೆ ತಲೆನೋವಿಲ್ಲ. ಕೂರಿಸುವಾಗ ಎರಡೂ ಆಫ್ ಇರಲಿ.

ಕೆಲವು ಸಲ ಸಣ್ಣ ಪಿನ್‌ಗಳು ತಪ್ಪು ಜಾಗದಲ್ಲಿ ತಾಗಿ ಫ್ಲ್ಯಾಶ್ ಸುಮ್ನೆ ತಾನಾಗೇ ಹೊಡೆಯುವುದು, ಕ್ಯಾಮೆರಾ ಗೊಂದಲಕ್ಕೆ ಬೀಳುವುದು ಆಗುತ್ತದೆ. ಇದಕ್ಕೆ ಔಷಧಿ ಸೆಲ್ಲೋ ಟೇಪು. ಫ್ಲ್ಯಾಶ್ ಕಾಲಿನ ಸಣ್ಣ ಪಿನ್‌ಗಳ ಮೇಲೆ ತೆಳ್ಳಗೆ ಒಂದು ತುಂಡು ಅಂಟಿಸಿ, ನಡುವಿನ ಪಿನ್ನನ್ನೂ ಪಕ್ಕದ ಲೋಹದ ಪಟ್ಟಿಯನ್ನೂ ಮಾತ್ರ ಬಿಡಿ. ಈಗ ಅದು ಬರೀ ಬೆಲ್ಲಿಗೆ ಓಗೊಡುವ ಫ್ಲ್ಯಾಶ್.

ಪವರ್ ಎಷ್ಟಿಡಬೇಕು ಅನ್ನುವುದಕ್ಕೆ ಗೈಡ್ ನಂಬರ್ ಇದೆ, ಫ್ಲ್ಯಾಶಿನ ಶಕ್ತಿ ಹೇಳುವ ಅಂಕಿ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್, ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು ಅನ್ನುವುದು, ಸಿಗುತ್ತದೆ. ಗೈಡ್ ನಂಬರ್ 32, ಮದುಮಗಳು 4 ಮೀಟರ್ ದೂರ, ಐಎಸ್‌ಒ (ಇಲ್ಲಿ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100 ಅಂದುಕೊಳ್ಳಿ. 32 ಭಾಗಿಸು 4, ಅಂದರೆ ಫುಲ್ ಪವರ್‌ನಲ್ಲಿ ಎಫ್ 8. ಪವರ್ ಕಾಲು ಭಾಗಕ್ಕಿಳಿಸಿದರೆ ಗೈಡ್ ನಂಬರ್ ಅರ್ಧ ಆಗುತ್ತದೆ, ಎಫ್ 4. ಐಎಸ್‌ಒ 400 ಮಾಡಿದರೆ ಅದು ಎರಡು ಪಟ್ಟಾಗಿ ಮತ್ತೆ ಎಫ್ 8ಕ್ಕೇ ಬರುತ್ತೀರಿ. ಡಬ್ಬದ ಮೇಲೆ ಬರೆದಿರುವ 60 ನೋಡಿ ಮೋಸ ಹೋಗಬೇಡಿ, ಅದು ಸಾಮಾನ್ಯವಾಗಿ ತಲೆಯನ್ನು 200 ಮಿಲಿಮೀಟರಿಗೆ ಜೂಮ್ ಮಾಡಿದಾಗಿನ ಲೆಕ್ಕ. ಒಳಗಿನ ಚಾವಣಿಗೆ ಹೊಡೆದು ಬೌನ್ಸ್ ಮಾಡಿದರೆ ಎರಡು ಸ್ಟಾಪಾದರೂ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕೈಬಿಟ್ಟುಹೋಗುತ್ತದೆ. ನಿಜ ಹೇಳಬೇಕಂದರೆ ಹತ್ತು ಫೋಟೋ ತೆಗೆದ ಮೇಲೆ ಯಾರೂ ಭಾಗಾಕಾರ ಮಾಡುವುದಿಲ್ಲ. 1/8ರಲ್ಲಿ ಹೊಡೆದು ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು-ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ ಏರಿಸುವುದು ಇಳಿಸುವುದು, ಅಷ್ಟೇ.

ದೂರ ಇಡುವುದೇ ನಿಜವಾದ ದಾರಿ: ರೇಡಿಯೊ

ಗೋಡಾಕ್ಸ್ ಕಂಪನಿಯ ಫ್ಲ್ಯಾಶ್, ಟ್ರಿಗರ್ ಎಲ್ಲ ಸೇರಿದ ಎಕ್ಸ್ ಸಿಸ್ಟಮ್ ಉದಾಹರಣೆಗೆ ತಗೊಳ್ಳುತ್ತೇನೆ, ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಇರುವುದು ಅದೇ. ಮಾಡೆಲ್ ಹೆಸರಿನ ಕೊನೆಯ ಅಕ್ಷರ ನೋಡಿ. ಸಿ ಅಂದರೆ ಕ್ಯಾನನ್, ಎನ್ ನಿಕಾನ್, ಎಸ್ ಸೋನಿ, ಎಫ್ ಫ್ಯೂಜಿ, ಒ ಅಂದರೆ ಒಲಿಂಪಸ್, ಪ್ಯಾನಸೋನಿಕ್ ಎರಡೂ. ಈ ಅಕ್ಷರ ಹೇಳುವುದು ಕಾಲಿನ ಜಾತಿ ಮಾತ್ರ. ಫ್ಲ್ಯಾಶ್ ಸ್ಲೇವ್ ಆಗಿ, ಅಂದರೆ ದೂರದಿಂದ ಟ್ರಿಗರ್ ಹೇಳಿದ್ದು ಕೇಳುತ್ತಾ ನಿಂತಾಗ ರೇಡಿಯೊದಲ್ಲಿ ಎಲ್ಲರೂ ಒಂದೇ ಭಾಷೆ ಆಡುತ್ತಾರೆ. ಅಂದರೆ ನಿಕಾನ್ ಕಾಲಿನ ಟಿಟಿ685 ನಿಮ್ಮ ಹತ್ತಿರ ಇದ್ದು ಈಗ ಸೋನಿಗೆ ಬಂದಿದ್ದರೆ ಸೋನಿ ಕಾಲಿನ ಟ್ರಿಗರ್ ಒಂದೇ ಕೊಂಡರೆ ಸಾಕು, ಹಳೇ ಫ್ಲ್ಯಾಶ್ ದೂರ ನಿಂತು ಟಿಟಿಎಲ್ ಕೂಡ, ಎಚ್‌ಎಸ್‌ಎಸ್ ಕೂಡ ಮಾಡುತ್ತದೆ. ಟಿಟಿ600 ಇನ್ನೂ ಮಜಾ. ಅದಕ್ಕೆ ಒಂಟಿ ಪಿನ್, ಕ್ಯಾಮೆರಾ ಮೇಲೆ ಕೂತರೆ ಬರೀ ಮ್ಯಾನ್ಯುವಲ್. ದೂರ ಇಟ್ಟು ಟ್ರಿಗರ್‌ನಿಂದ ಕರೆದರೆ ಎಚ್‌ಎಸ್‌ಎಸ್ ಬರುತ್ತದೆ.

ಜೋಡಿಸುವಾಗ ನೋಡಬೇಕಾದದ್ದು ಇಷ್ಟು. ಫ್ಲ್ಯಾಶ್‌ನಲ್ಲಿ ವೈರ್‌ಲೆಸ್ ಬಟನ್ ಒತ್ತಿ ರೇಡಿಯೊ ಸ್ಲೇವ್‌ಗೆ ತನ್ನಿ. ಎರಡರಲ್ಲೂ ಚಾನೆಲ್ ಒಂದೇ ಇರಲಿ, ಐಡಿ ಒಂದೇ ಇರಲಿ. ಹಳೇ ಮಾಡೆಲ್‌ನಲ್ಲಿ ಐಡಿ ಇಲ್ಲದಿದ್ದರೆ ಟ್ರಿಗರ್‌ನಲ್ಲೂ ಐಡಿ ಆಫ್ ಮಾಡಿ. ಗ್ರೂಪ್ ಬೇರೆ ಬೇರೆ ಕೊಡಿ: ಮುಖ್ಯ ಬೆಳಕಿಗೆ ಎ, ಹಿಂದಿನದಕ್ಕೆ ಬಿ. ಮನೆಯಲ್ಲಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರೆ ಹೊಡೆಯದೇ ಹೋಗಬಹುದು. ಹಾಳಾಗಿದೆ ಅಂದುಕೊಳ್ಳಬೇಡಿ, ತೀರಾ ಹತ್ತಿರ ಇದ್ದರೆ ರೇಡಿಯೊ ತಡವರಿಸುತ್ತದೆ. ಟ್ರಿಗರ್ ಮೆನುವಿನಲ್ಲಿ ದೂರವನ್ನು 0-30 ಮೀಟರಿಗೆ ಬದಲಿಸಿ.

ಯೋಂಗ್ನುವೊ ಕಂಪನಿಯ 560 ಫ್ಲ್ಯಾಶಿನ 3 ಮತ್ತು 4ನೇ ಆವೃತ್ತಿಯಲ್ಲೂ ರೇಡಿಯೊ ಒಳಗೇ ಇದೆ. ಆದರೆ ಅದು ಗೋಡಾಕ್ಸ್ ಮಾತು ಕೇಳುವುದಿಲ್ಲ. ರೇಡಿಯೊ ಎರಡರದ್ದೂ 2.4 ಗಿಗಾಹರ್ಟ್ಸೇ, ಭಾಷೆ ಬೇರೆ. ಇಂಥ ಕಡೆ ಯೋಂಗ್ನುವೊ ಕಾಲಿಗೆ ಗೋಡಾಕ್ಸ್ ರಿಸೀವರ್ ಸಿಕ್ಕಿಸಬಹುದು ಅಥವಾ ಸಿಂಕ್ ಕೇಬಲ್ ಹಾಕಬಹುದು. ಆಗ ಬೆಲ್ ಮಾತ್ರ ಸಿಗುತ್ತದೆ, ಪವರ್ ನೀವೇ ಹೋಗಿ ತಿರುಗಿಸಬೇಕು. ಎರಡು ಸಿಸ್ಟಮ್ ಕಲಸುವುದಕ್ಕಿಂತ ಒಂದನ್ನು ಹಿಡಿದು ಅದರಲ್ಲೇ ಬೆಳೆಯುವುದು ಜೇಬಿಗೂ ತಲೆಗೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಬೆಳಕು ಕಂಡು ಹೊಡೆಯುವ ಫ್ಲ್ಯಾಶ್

ಫ್ಲ್ಯಾಶ್ ಮೆನುವಿನಲ್ಲಿ ಎಸ್1, ಎಸ್2 ಅಂತ ಇರುತ್ತದಲ್ವಾ, ಅದು ಇದೇ. ಎಸ್1 ಮೊದಲು ಕಂಡ ಫ್ಲ್ಯಾಶಿಗೇ ಹೊಡೆಯುತ್ತದೆ. ಎಸ್2 ಮೊದಲಿನದನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಟಿಟಿಎಲ್‌ನಲ್ಲಿ ಅಳತೆಗೆ ಅಂತ ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚು ಬಿಡುತ್ತದೆ, ಅದಕ್ಕೇ ಎಸ್2. ಮೇಲೆ ಹೇಳಿದ ಬೊಟ್ಟಿಲ್ಲದ ಕ್ಯಾನನ್‌ಗಳಿಗೂ ಎಸ್2 ಇಡಿ, ರೆಡ್ ಐ ರಿಡಕ್ಷನ್ ಆಫ್ ಮಾಡಿ. ಕಂಪನಿ ಯಾವುದಾದರೂ ಇದು ನಡೆಯುತ್ತದೆ, ದುಡ್ಡೂ ಬೇಡ.

ಮದುವೆ ಛತ್ರದಲ್ಲಿ ಮಾತ್ರ ಬೇಡ. ಒಮ್ಮೆ ಟ್ರಿಗರ್ ಮರೆತು ಹೋಗಿ ಮಂಟಪದ ಮೂಲೆಯಲ್ಲಿ ಒಂದು ಫ್ಲ್ಯಾಶನ್ನು ಎಸ್1ರಲ್ಲಿ ನಿಲ್ಲಿಸಿದ್ದೆ. ಗಟ್ಟಿಮೇಳ ಶುರುವಾಯಿತು, ಹೆಣ್ಣಿನ ಕಡೆಯ ಫೋಟೋಗ್ರಾಫರ್ ಹೊಡೆದಾಗಲೆಲ್ಲ ನನ್ನ ಫ್ಲ್ಯಾಶೂ ಹೊಡೆಯಿತು, ಕ್ಯಾಮೆರಾ ತಂದಿದ್ದ ನೆಂಟರೊಬ್ಬರು ಹೊಡೆದಾಗಲೂ ಹೊಡೆಯಿತು. ಅಕ್ಷತೆ ಬೀಳುವ ಹೊತ್ತಿಗೆ, ನಾನು ಒತ್ತಿದಾಗ, ಅದು ಚಾರ್ಜ್ ಆಗುತ್ತಾ ಕೂತಿತ್ತು. ತಾಳಿ ಕಟ್ಟುವ ಮೂರು ಫ್ರೇಮ್‌ಗಳಲ್ಲಿ ಮದುಮಗನ ಅರ್ಧ ಮುಖ ಕತ್ತಲು. ರೇಡಿಯೊ ಟ್ರಿಗರ್ ಅಂದಿನಿಂದ ಬ್ಯಾಗಿನಲ್ಲಿ ಎರಡು ಇರುತ್ತವೆ.

ಎರಡು ಕಂಪನಿಯ ಬೆಳಕನ್ನು ಸಮ ಮಾಡುವುದು

ಒಬ್ಬರ 1/16, ಇನ್ನೊಬ್ಬರ 1/16 ಎರಡೂ ಒಂದೇ ಅಲ್ಲ. ಬಿಳಿ ಗೋಡೆಯಿಂದ ಒಂದೂವರೆ ಮೀಟರ್ ದೂರ ಸ್ಟ್ಯಾಂಡ್ ಇಡಿ. ಎರಡೂ ಫ್ಲ್ಯಾಶ್‌ಗೆ ಒಂದೇ ಜೂಮ್ ಕೊಡಿ, 50 ಆದರೆ 50. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ, ಫ್ಲ್ಯಾಶ್‌ಗೆ ಅಥವಾ 5500 ಕೆಲ್ವಿನ್‌ಗೆ ನಿಲ್ಲಿಸಿ. ಮೊದಲ ಫ್ಲ್ಯಾಶಿನಲ್ಲಿ ಒಂದು ಫೋಟೋ, ಅದೇ ಸ್ಟ್ಯಾಂಡಿಗೆ ಎರಡನೆಯದನ್ನು ಹಾಕಿ ಇನ್ನೊಂದು. ಹಿಸ್ಟೋಗ್ರಾಮಿನ ಗುಡ್ಡ ಎರಡರಲ್ಲೂ ಒಂದೇ ಜಾಗಕ್ಕೆ ಬರುವವರೆಗೆ ಎರಡನೆಯದನ್ನು ಮೂರನೇ ಒಂದು ಸ್ಟಾಪಿನಂತೆ ಸರಿಸಿ. ವ್ಯತ್ಯಾಸ ಎಷ್ಟು ಬಂತೋ ಅದನ್ನು ಒಂದು ಬಿಳಿ ಟೇಪಿನ ಮೇಲೆ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿ. ನನ್ನ ಒಂದು ಹಳೇ ಫ್ಲ್ಯಾಶಿನ ಮೇಲೆ '+2/3' ಅಂತ ಇದೆ, ಐದು ವರ್ಷದಿಂದ ಅದನ್ನೇ ನೋಡಿಕೊಂಡು ಇಡುತ್ತೇನೆ.

ಇದೇ ಎರಡು ಫೋಟೋದಲ್ಲಿ ಬಣ್ಣವೂ ಗೊತ್ತಾಗುತ್ತದೆ. ಒಂದು ಸ್ವಲ್ಪ ನೀಲಿ, ಇನ್ನೊಂದು ಸ್ವಲ್ಪ ಹಳದಿ ಕಂಡರೆ ನೀಲಿ ಇರುವುದರ ಮುಂದೆ ತೆಳು ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ. ಅಥವಾ ಬೇರೆ ಬಣ್ಣದ್ದನ್ನು ಹಿನ್ನೆಲೆಗೆ ತಳ್ಳಿ, ಮುಖಕ್ಕೆ ಒಂದೇ ಕಂಪನಿಯದನ್ನು ಬಳಸಿ. ಹಿನ್ನೆಲೆಯ ಗೋಡೆ ಯಾರಿಗೂ ದೂರು ಕೊಡುವುದಿಲ್ಲ.

ಸಾಫ್ಟ್‌ಬಾಕ್ಸ್, ಕೊಡೆ, ಸ್ಟ್ಯಾಂಡ್

ಇಲ್ಲಿ ಸುದ್ದಿ ಒಳ್ಳೆಯದು. ಬೋವೆನ್ಸ್ ಅನ್ನುವ ಬ್ರಿಟಿಷ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು, ಆದರೆ ಅದರ ಮೂರು ಹಲ್ಲಿನ ಮೌಂಟ್ ಇವತ್ತು ಅರ್ಧ ಜಗತ್ತಿನ ಲೈಟುಗಳಲ್ಲಿದೆ. ಬೆಳಕು ಮೃದು ಮಾಡುವ ಸಾಫ್ಟ್‌ಬಾಕ್ಸ್ ಕೊಳ್ಳುವಾಗ ಕಣ್ಣುಮುಚ್ಚಿ ಬೋವೆನ್ಸ್ ಮೌಂಟ್ ಕೇಳಿ. ಸಣ್ಣ ಫ್ಲ್ಯಾಶಿಗೆ ಎಸ್2 ಬ್ರಾಕೆಟ್ ತಗೊಳ್ಳಿ (ಮೇಲಿನ ಎಸ್2 ಮೋಡಿಗೂ ಇದಕ್ಕೂ ಸಂಬಂಧವಿಲ್ಲ). ಅದು ಫ್ಲ್ಯಾಶಿನ ಕುತ್ತಿಗೆ ಹಿಡಿಯುತ್ತದೆ, ಕಾಲಿನ ಗೊಡವೆಯೇ ಇಲ್ಲ, ಹಾಗಾಗಿ ಯಾವ ಕಂಪನಿಯದಾದರೂ ಕೂರುತ್ತದೆ.

ಸ್ಟ್ಯಾಂಡಿನ ತುದಿ ಸಾಮಾನ್ಯವಾಗಿ 16 ಮಿಲಿಮೀಟರ್, ಅದರ ಸ್ಕ್ರೂ ಕಾಲಿಂಚು ಅಥವಾ 3/8 ಇಂಚು. ಎರಡಕ್ಕೂ ನಡುವೆ ಹಾಕುವ ಪುಟ್ಟ ಹಿತ್ತಾಳೆ ಅಡಾಪ್ಟರ್ ಒಂದೆರಡು ಬ್ಯಾಗಿನಲ್ಲಿರಲಿ. ಕೊಡೆಯ ಕಡ್ಡಿ 8 ಮಿಲಿಮೀಟರ್. ಎಲಿಂಕ್ರೋಮ್ ಕಂಪನಿಯ ಹಲವು ಲೈಟುಗಳ ತೂತು ಮಾತ್ರ 7, ಅಲ್ಲಿ ಮಾಮೂಲಿ ಕೊಡೆ ಹೋಗುವುದಿಲ್ಲ. ದುಂಡು ತಲೆಯ ಫ್ಲ್ಯಾಶಿಗೆ ಅಂಟುವ ಅಯಸ್ಕಾಂತದ ಸಾಮಾನುಗಳನ್ನು ಚೌಕ ತಲೆಗೆ ಹಾಕಲು ಗೋಡಾಕ್ಸ್‌ನದೇ ಎಸ್-ಆರ್1 ಅಡಾಪ್ಟರ್ ಇದೆ.

ಪೆನ್ಸಿಲ್ ಸೆಲ್ ವಿಷಯದಲ್ಲಿ ಚೌಕಾಸಿ ಬೇಡ. ಎನೆಲೂಪ್ ಥರದ ರೀಚಾರ್ಜ್ ಆಗುವ ನಿಕಲ್ ಸೆಲ್ 1.2 ವೋಲ್ಟ್ ಅಂತ ಬರೆದಿದ್ದರೂ 1.5ರ ಆಲ್ಕಲೈನ್‌ಗಿಂತ ಬೇಗ ಫ್ಲ್ಯಾಶನ್ನು ಚಾರ್ಜ್ ಮಾಡುತ್ತದೆ. ನಾಲ್ಕನ್ನು ಒಟ್ಟಿಗೇ ಕೊಂಡು ಒಟ್ಟಿಗೇ ಬಳಸಿ.

ಹೊಡೆಯಲಿಲ್ಲ ಅಂದರೆ

ಮಿರರ್‌ಲೆಸ್ ಆದರೆ ಮೊದಲು ಶಟರ್ ನೋಡಿ. ಎಲೆಕ್ಟ್ರಾನಿಕ್ ಅಥವಾ ಸೈಲೆಂಟ್ ಇದ್ದರೆ ಬಹುಪಾಲು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಹೊಡೆಯುವುದೇ ಇಲ್ಲ, ಮೆಕ್ಯಾನಿಕಲ್ ಮಾಡಿ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೈವ್ ವ್ಯೂ ಇಟ್ಟಾಗ ಬೇರೆ ಕಂಪನಿ ಫ್ಲ್ಯಾಶ್ ಸುಮ್ಮನಿದ್ದರೆ ಸೈಲೆಂಟ್ ಲೈವ್ ವ್ಯೂ ಆಫ್ ಮಾಡಿ.

ಫೋಟೋದ ಕೆಳಗೋ ಮೇಲೋ ಕಪ್ಪು ಪಟ್ಟಿ ಬಂದರೆ ಶಟರ್ ಸ್ಪೀಡ್ ಮಿತಿ ದಾಟಿದೆ. ಎಚ್‌ಎಸ್‌ಎಸ್ ಇದ್ದೂ ಬರುತ್ತಿದ್ದರೆ ನಿಕಾನ್‌ನಲ್ಲಿ ಮೆನುವಿಗೆ ಹೋಗಿ ಆಟೋ ಎಫ್‌ಪಿ (ಎಚ್‌ಎಸ್‌ಎಸ್‌ಗೆ ನಿಕಾನ್ ಇಟ್ಟ ಹೆಸರು) ಆನ್ ಮಾಡಬೇಕು. ಡಿ3500, ಡಿ5600 ಇದ್ದವರು ಹುಡುಕಿ ಸುಸ್ತಾಗಬೇಡಿ, ಅವುಗಳಲ್ಲಿ ಆ ಸೌಲಭ್ಯವೇ ಇಲ್ಲ.

ಫ್ಲ್ಯಾಶ್ ಹೊಡೆಯುತ್ತಿದೆ, ಆದರೆ ವ್ಯೂಫೈಂಡರ್ ಕಗ್ಗತ್ತಲು? ಸಾದಾ ಟ್ರಿಗರ್ ಹಾಕಿದರೆ ಮೇಲೆ ಫ್ಲ್ಯಾಶ್ ಇದೆ ಅಂತ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ, ಎಫ್ 8, 1/160ರಲ್ಲಿ ರೂಮ್ ಹೇಗೆ ಕಾಣುತ್ತದೋ ಹಾಗೇ ತೋರಿಸುತ್ತದೆ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಸೆಟ್ಟಿಂಗ್ ಎಫೆಕ್ಟ್ ಆಫ್, ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್ ಆಫ್, ಫ್ಯೂಜಿಯಲ್ಲಿ ಮ್ಯಾನ್ಯುವಲ್ ಮೋಡಿನ ಎಕ್ಸ್‌ಪೋಶರ್ ಪ್ರಿವ್ಯೂ ಆಫ್. ಶೂಟ್ ಮುಗಿದ ಮೇಲೆ ವಾಪಸ್ ಆನ್ ಮಾಡಲು ಮರೆಯಬೇಡಿ, ಮರುದಿನ ಬಿಸಿಲಿನಲ್ಲಿ ತೆಗೆದದ್ದೆಲ್ಲ ಬೆಳ್ಳಗಾಗಿದ್ದು ಮನೆಗೆ ಬಂದ ಮೇಲೇ ಗೊತ್ತಾಗುತ್ತದೆ.

ಇದೆಲ್ಲ ಸರಿ ಇದ್ದೂ ಹತ್ತರಲ್ಲಿ ಎರಡು ಸಲ ತಪ್ಪುತ್ತಿದ್ದರೆ ಟ್ರಿಗರ್ ತೆಗೆದು ಅದರ ಕಾಲನ್ನೂ ಕ್ಯಾಮೆರಾದ ಶೂವನ್ನೂ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಮುಂದಕ್ಕೆ ತಳ್ಳಿ ಲಾಕ್ ತಿರುಗಿಸಿ. ಅರ್ಧ ಮಿಲಿಮೀಟರ್ ಹಿಂದೆ ಕೂತಿದ್ದರೂ ಸಣ್ಣ ಪಿನ್‌ಗಳು ತಾಗುವುದಿಲ್ಲ. ನನ್ನ ಹತ್ತಿರ ರಿಪೇರಿಗೆ ಅಂತ ತಂದ ಟ್ರಿಗರ್‌ಗಳಲ್ಲಿ ಕೆಲವಕ್ಕೆ ನಾನು ಮಾಡಿದ್ದು ಇಷ್ಟೇ, ಕಾಫಿ ಕುಡಿಸಿ ಕಳಿಸಿದ್ದೇನೆ.